ಚಳಿಗಾಲದಲ್ಲೂ ನಿದ್ದೆ ಹೋಗದ ಹಿಮನದಿ

‘ಹಿಮನದಿಗಳು ಬೇಸಿಗೆಯಲ್ಲಿ ಕರಗುತ್ತವೆ, ಚಳಿಗಾಲದಲ್ಲಿ ಬೆಳೆಯುತ್ತವೆ. ಕರಗುವುದು ಹೆಚ್ಚಾಗಿ ಬೆಳೆಯುವುದು ಕಡಿಮೆಯಾದರೆ ಹಿಂದೆ ಸರಿಯುತ್ತವೆ.’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮೆಲ್ಲರ ನೋಟ್ಸ್‌ನಲ್ಲೂ ಇರುವ ಮಾತು ಇದು. ತಪ್ಪೇನಲ್ಲ. ಆದರೆ ಒಂದು ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಉತ್ತರ ಧ್ರುವದಿಂದ ಸುಮಾರು 1,200 ಕಿ.ಮೀ. ದೂರದಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿವೆ. ಅಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ನಡುಭಾಗದವರೆಗೆ ಸೂರ್ಯನೇ ಕಾಣುವುದಿಲ್ಲ. ಬಿಸಿಲಿಲ್ಲ, ಗಾಳಿಯ ತಾಪಮಾನ ಶೂನ್ಯಕ್ಕಿಂತ ಬಹಳ ಕೆಳಗೆ. ಆದರೂ ಅಲ್ಲಿನ ಎಷ್ಟೋ ಹಿಮನದಿಗಳ ಅಂಚಿನಿಂದ ನೀರು ಒಸರುತ್ತಲೇ ಇರುತ್ತದೆ. ಒಸರಿದ ನೀರು ಅಲ್ಲೇ ಹರಡಿ, ಹೆಪ್ಪುಗಟ್ಟಿ, ವಿಶಾಲವಾದ ಮಂಜುಗಡ್ಡೆಯ ಹಾಸಾಗುತ್ತದೆ.

ಕರಗಿಸಲು ಬಿಸಿಲೇ ಇಲ್ಲದ ತಿಂಗಳಲ್ಲಿ ಈ ನೀರು ಎಲ್ಲಿಂದ ಬಂತು?

ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಬಳ್ಳಾರಿಯ ಬಿಸಿಲಲ್ಲಿ ಕುಳಿತು ಪರೀಕ್ಷೆಗಳಿಗೆ ಓದುತ್ತಿರುವವನು. ‘ಫ್ಯಾನ್ ಹಾಕಿದರೂ ಬೆವರು ನಿಲ್ಲದ ಊರಲ್ಲಿ ಕೂತು ನಿನಗೆ ಧ್ರುವದ ಮಂಜುಗಡ್ಡೆ ಯಾಕೋ ಮಾರಾಯ’ ಎಂದು ಗೆಳೆಯರು ರೇಗಿಸುತ್ತಾರೆ. ಅವರಿಗೆ ನಾನು ಕೊಡುವ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಿಮನದಿಯ ಲೆಕ್ಕವನ್ನು ಬೇಸಿಗೆಯಲ್ಲಿ ಮಾತ್ರ ಬರೆದರೆ ಅದು ಅರ್ಧ ಲೆಕ್ಕ. ಉಳಿದರ್ಧ ಚಳಿಗಾಲದ ಆ ಹಾಸಿನಲ್ಲಿದೆ. ಅದನ್ನು ಓದಲು ಜಗತ್ತು, ನಮ್ಮ ದೇಶವೂ ಸೇರಿ, ಈಗಷ್ಟೇ ಗಂಭೀರವಾಗಿ ಕೈಹಾಕುತ್ತಿದೆ.

ಹಾಸು ಹುಟ್ಟುವ ಬಗೆ

ಮೊದಲಿಗೆ ಒಂದು ಎಚ್ಚರಿಕೆ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾವನ್ನು ಮುಚ್ಚಿರುವ, ಕಿಲೋಮೀಟರ್‌ಗಟ್ಟಲೆ ದಪ್ಪದ ಹಿಮಫಲಕಗಳ ಬಗ್ಗೆ ನಾವು ಪಠ್ಯದಲ್ಲಿ ಓದುತ್ತೇವೆ. ನಾನು ಹೇಳುತ್ತಿರುವುದು ಅದಲ್ಲ. ಇದು ಒಂದೇ ಚಳಿಗಾಲದಲ್ಲಿ ಹುಟ್ಟಿ, ಹೆಚ್ಚಿನ ಪಾಲು ಮುಂದಿನ ಬೇಸಿಗೆಯಲ್ಲಿ ಕರಗಿ ಹೋಗುವ ಹಾಸು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಔಫೈಸ್ ಎನ್ನುತ್ತಾರೆ, ಅಂದರೆ ‘ಮೇಲಿನ ಮಂಜುಗಡ್ಡೆ’. ರಷ್ಯನ್ನರು ನಲೇದ್ ಎನ್ನುತ್ತಾರೆ. ವಿಜ್ಞಾನದ ಬರಹಗಳಲ್ಲಿ ಎರಡೂ ಹೆಸರು ಬಳಕೆಯಲ್ಲಿವೆ.

ಹಿಮನದಿ ಎಂದರೆ ಮೇಲಿಂದ ಕೆಳಗಿನವರೆಗೆ ಒಂದೇ ತೆರನಾಗಿ ತಣ್ಣಗಿರುವ ಗಡ್ಡೆ ಎಂದುಕೊಳ್ಳುವುದು ಸಹಜ. ಸ್ವಾಲ್‌ಬಾರ್ಡ್‌ನ ಬಹಳಷ್ಟು ಹಿಮನದಿಗಳು ಹಾಗಿಲ್ಲ. ಮೇಲ್ಪದರ ಮತ್ತು ತೆಳುವಾದ ಅಂಚು ಕೊರೆಯುವಷ್ಟು ತಣ್ಣಗಿದ್ದು ನೆಲಕ್ಕೆ ಅಂಟಿಕೊಂಡಿರುತ್ತವೆ. ನಡುವಿನ ದಪ್ಪ ಭಾಗದ ತಳ ಮಾತ್ರ ಕರಗುವ ಬಿಂದುವಿನಲ್ಲೇ ಇರುತ್ತದೆ. ದಪ್ಪ ಮಂಜುಗಡ್ಡೆ ಕಂಬಳಿಯಂತೆ ಕೆಲಸ ಮಾಡಿ ಭೂಮಿಯ ಒಳಗಿನಿಂದ ಬರುವ ಶಾಖವನ್ನು ಹಿಡಿದಿಡುವುದು ಒಂದು ಕಾರಣ. ಹಿಮನದಿ ಜಾರುವಾಗಿನ ಘರ್ಷಣೆಯ ಶಾಖ ಇನ್ನೊಂದು. ಮೇಲಿನ ಭಾರದ ಒತ್ತಡದಿಂದ ಮಂಜುಗಡ್ಡೆ ಕರಗುವ ತಾಪಮಾನವೂ ತುಸು ಇಳಿದಿರುತ್ತದೆ. ಒಡಲಲ್ಲಿ ಬೆಚ್ಚಗಿನ ಭಾಗ, ಹೊರಗೆ ತಣ್ಣನೆಯ ಭಾಗ ಎರಡೂ ಇರುವ ಇಂಥ ಹಿಮನದಿಗೆ ‘ಪಾಲಿಥರ್ಮಲ್’ ಎಂದು ಹೆಸರು.

ಬೇಸಿಗೆಯಲ್ಲಿ ಮೇಲೆ ಕರಗಿದ ನೀರು ಬಿರುಕುಗಳ ಮೂಲಕ, ಬಾವಿಯಂಥ ಕಂಡಿಗಳ ಮೂಲಕ ತಳಕ್ಕೆ ಇಳಿಯುತ್ತದೆ. ಬಹುಪಾಲು ಹೊಳೆಯಾಗಿ ಹೊರಹೋಗುತ್ತದೆ. ಉಳಿದದ್ದು ತಳದ ಸಂದುಗಳಲ್ಲಿ, ಮಣ್ಣಿನಲ್ಲಿ, ಬಂಡೆಯ ಪದರಗಳಲ್ಲಿ ಸೇರಿಕೊಳ್ಳುತ್ತದೆ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ನಮ್ಮ ಗಾದೆಯಂತೆ, ಬೇಸಿಗೆ ಮುಗಿದ ಮೇಲೂ ಈ ನೀರು ತಿಂಗಳುಗಟ್ಟಲೆ ನಿಧಾನವಾಗಿ ಜಿನುಗುತ್ತದೆ.

ಜಿನುಗುವ ನೀರು ಅಂಚಿಗೆ ಬಂದಾಗ ಕೊರೆಯುವ ಗಾಳಿಗೆ ಸಿಗುತ್ತದೆ. ಎದುರಿನ ಹೊಳೆಯ ಪಾತ್ರ ಆಗಲೇ ಹೆಪ್ಪುಗಟ್ಟಿರುವುದರಿಂದ ಹರಿದು ಹೋಗಲು ದಾರಿ ಇಲ್ಲ. ನೀರು ತೆಳುವಾಗಿ ಹರಡಿ ಹೆಪ್ಪುಗಟ್ಟುತ್ತದೆ. ಹಿಂದಿನಿಂದ ಬಂದ ನೀರು ಅದರ ಮೇಲೆ ಹರಿದು ಇನ್ನೊಂದು ಪದರವಾಗುತ್ತದೆ. ಗೋಡೆಗೆ ಸುಣ್ಣ ಬಳಿದಂತೆ ಪದರದ ಮೇಲೆ ಪದರ ಸೇರಿ, ಚಳಿಗಾಲ ಮುಗಿಯುವ ಹೊತ್ತಿಗೆ ಹಾಸು ಮೀಟರ್‌ಗಟ್ಟಲೆ ದಪ್ಪವಾಗಬಹುದು. ಕೆಲವೆಡೆ ನೀರು ಗಡ್ಡೆಯ ಅಡಿಯಲ್ಲೇ ಸಿಕ್ಕಿಕೊಂಡು, ಒತ್ತಡ ಹೆಚ್ಚಿ ಹಾಸು ಗುಳ್ಳೆಯಂತೆ ಉಬ್ಬುತ್ತದೆ. ಕೊನೆಗೆ ಬಿರುಕು ಬಿಟ್ಟು ನೀರು ಮೇಲೆ ಚಿಮ್ಮುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ನೀರು ಹೆಪ್ಪುಗಟ್ಟುವಾಗ ತನ್ನಲ್ಲಿ ಕರಗಿದ್ದ ಲವಣಗಳನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಹಾಸು ಕರಗಿದ ಜಾಗದಲ್ಲಿ ಕೆಲವೊಮ್ಮೆ ಬಿಳಿಯ ಸುಣ್ಣದ ಪುಡಿ ಉಳಿದಿರುತ್ತದೆ. ತಿಂಗಳುಗಟ್ಟಲೆ ಬಂಡೆಯ ಸಹವಾಸದಲ್ಲಿದ್ದು ಬಂದ ನೀರು ಎಂಬುದಕ್ಕೆ ಅದು ಸಾಕ್ಷಿ. ಹಾಸಿನ ವಿಸ್ತೀರ್ಣ ಮತ್ತು ದಪ್ಪ ಅಳೆದರೆ ಚಳಿಗಾಲದಲ್ಲಿ ಕನಿಷ್ಠ ಎಷ್ಟು ನೀರು ಹೊರಬಂದಿದೆ ಎಂಬ ಲೆಕ್ಕವೂ ಸಿಗುತ್ತದೆ. ಯಾರೂ ಕಾವಲಿಲ್ಲದ ಕತ್ತಲೆಯ ತಿಂಗಳುಗಳಲ್ಲಿ ಹಿಮನದಿ ತಾನೇ ಬರೆದಿಟ್ಟ ಲೆಕ್ಕದ ಪುಸ್ತಕ ಇದು.

ಬಿಸಿಯಾದ ಜಗತ್ತು, ತಣ್ಣಗಾದ ಹಿಮನದಿ

ಎದುರಿಗೆ ಇಂಥ ಹಾಸು ಇದ್ದರೆ ಹಿಮನದಿಯ ತಳ ಬೆಚ್ಚಗಿದೆ ಎಂದು ವಿಜ್ಞಾನಿಗಳು ಬಹುಕಾಲ ಅರ್ಥ ಮಾಡಿಕೊಳ್ಳುತ್ತಿದ್ದರು. ತಳ ಪೂರ್ತಿ ಹೆಪ್ಪುಗಟ್ಟಿದ್ದರೆ ಚಳಿಗಾಲದಲ್ಲಿ ನೀರು ಬರುವುದಾದರೂ ಹೇಗೆ ಎಂಬ ಸರಳ ತರ್ಕ. ಆದರೆ ವಿಷಯ ಅಷ್ಟು ಸರಳವಲ್ಲ ಎಂದು ಈಗ ಗೊತ್ತಾಗಿದೆ.

ಹವಾಮಾನ ಬಿಸಿಯಾದಾಗ ಹಿಮನದಿ ತೆಳುವಾಗುತ್ತದೆ. ತೆಳುವಾದರೆ ಕಂಬಳಿಯ ಗುಣ ಹೋಗುತ್ತದೆ. ಆಗ ಚಳಿಗಾಲದ ಥಂಡಿ ತಳದವರೆಗೆ ಇಳಿದು, ಬೆಚ್ಚಗಿದ್ದ ಒಡಲೂ ತಣ್ಣಗಾಗುತ್ತದೆ. ಸ್ವಾಲ್‌ಬಾರ್ಡ್‌ನ ನೀ-ಓಲೆಸುಂಡ್ ಎಂಬ ಸಂಶೋಧನಾ ಊರಿನ ಪಕ್ಕದಲ್ಲಿರುವ ಆಸ್ಟ್ರೆ ಬ್ರೊಗ್ಗರ್‌ಬ್ರೀನ್ ಹಿಮನದಿ ಹೀಗೆ ಪಾಲಿಥರ್ಮಲ್ ಸ್ಥಿತಿಯಿಂದ ತಣ್ಣನೆಯ ತಳದ ಸ್ಥಿತಿಗೆ ಬದಲಾಗಿದೆ. ಜಗತ್ತು ಬಿಸಿಯಾದ್ದರಿಂದ ಹಿಮನದಿಯ ಒಡಲು ತಣ್ಣಗಾಯಿತು! ಪರೀಕ್ಷೆಯಲ್ಲಿ ‘ಸರಿ ಅಥವಾ ತಪ್ಪು’ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ‘ತಪ್ಪು’ ಎಂದೇ ಬರೆಯುತ್ತೇವೆ.

ಒಡಲು ತಣ್ಣಗಾದರೆ ಎದುರಿನ ಹಾಸು ನಿಲ್ಲಬೇಕಲ್ಲವೇ? ಎಲ್ಲ ಕಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕರಗುವ ತೆಳುವಾದ ಮೇಲ್ಪದರವನ್ನು ಬಿಟ್ಟರೆ ಸ್ವಾಲ್‌ಬಾರ್ಡ್‌ನ ನೆಲ ಬಹಳ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಇದಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದರ ಅಡಿಯಲ್ಲಿ ಅಂತರ್ಜಲ ಇದೆ. ಹಿಮನದಿ ಹಿಂದೆ ಸರಿದಾಗ, ಅದರ ಕೆಳಗೆ ಇಷ್ಟು ದಿನ ಬೆಚ್ಚಗಿದ್ದ, ಇನ್ನೂ ಪೂರ್ತಿ ಹೆಪ್ಪುಗಟ್ಟದ ನೆಲ ತೆರೆದುಕೊಳ್ಳುತ್ತದೆ. ಅಂತರ್ಜಲಕ್ಕೆ ಅದೇ ಬಾಗಿಲಾಗುತ್ತದೆ. ಒರತೆಗಳು ಏಳುತ್ತವೆ, ಚಳಿಗಾಲದಲ್ಲಿ ಹಾಸು ಬೆಳೆಯುತ್ತದೆ. ಅಂದರೆ ಹಾಸನ್ನು ಕಂಡ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ. ಅದರ ನೀರನ್ನು ಪರೀಕ್ಷಿಸಿ, ಯಾವ ಆಳದಿಂದ ಬಂದದ್ದು ಎಂದು ತಿಳಿಯಬೇಕು.

ನೀರಿನ ಜೊತೆ ಬರುವ ಮೀಥೇನ್

ಈ ಒರತೆಗಳು ಸುದ್ದಿಯಾದದ್ದು 2023ರಲ್ಲಿ. ಗೇಬ್ರಿಯೆಲ್ ಕ್ಲೀಬರ್ ಮತ್ತು ಸಂಗಡಿಗರು ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ವಾಲ್‌ಬಾರ್ಡ್‌ನ 78 ಹಿಮನದಿಗಳ ಎದುರಿನ 123 ಒರತೆಗಳ ನೀರನ್ನು ಅವರು ಪರೀಕ್ಷಿಸಿದ್ದರು. ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಮೀಥೇನ್ ಅನಿಲ ಸಹಜ ಪ್ರಮಾಣವನ್ನು ಮೀರಿ ಕರಗಿತ್ತು. ಇಡೀ ದ್ವೀಪಸಮೂಹದ ಇಂಥ ಒರತೆಗಳಿಂದ ವರ್ಷಕ್ಕೆ 2,000 ಟನ್‌ಗೂ ಹೆಚ್ಚು ಮೀಥೇನ್ ಹೊರಬರುತ್ತಿರಬಹುದು ಎಂದು ಅವರು ಅಂದಾಜಿಸಿದರು.

ಕತ್ತಲೆ ಕವಿದ, ಊರುಗಳ ನಡುವೆ ರಸ್ತೆಗಳೇ ಇಲ್ಲದ ಆ ದ್ವೀಪಗಳಲ್ಲಿ ಅಷ್ಟೊಂದು ಒರತೆಗಳನ್ನು ಹುಡುಕಿದ್ದು ಹೇಗೆ? ಇದೇ ಮಂಜುಗಡ್ಡೆ ಹಾಸುಗಳ ಸಹಾಯದಿಂದ. ಉಪಗ್ರಹ ಚಿತ್ರಗಳಲ್ಲಿ ಹಿಮನದಿಯ ಎದುರು ಇಂಥ ಹಾಸು ಕಂಡರೆ ಅಡಿಯಲ್ಲಿ ಚಳಿಗಾಲದಲ್ಲೂ ಹರಿಯುವ ನೀರಿದೆ ಎಂದರ್ಥ. ಗುರುತು ಹಾಕಿಕೊಂಡು ಹೋಗಿ ಮಾದರಿ ತಂದರು.

ಆ ಅನಿಲ ಎಲ್ಲಿಂದ ಬಂತು ಎಂಬುದಕ್ಕೆ ಅಲ್ಲಿನ ಬಂಡೆಗಳೇ ಉತ್ತರ. ಸ್ವಾಲ್‌ಬಾರ್ಡ್‌ನ ನೆಲದಡಿ ಕಲ್ಲಿದ್ದಲಿದೆ, ಅನಿಲ ಹಿಡಿದಿಟ್ಟುಕೊಂಡ ಶೇಲ್ ಶಿಲೆಗಳಿವೆ. ಅಲ್ಲಿನ ಊರುಗಳು ಬೆಳೆದದ್ದೇ ಕಲ್ಲಿದ್ದಲು ಗಣಿಗಾರಿಕೆಯಿಂದ. ಪರ್ಮಾಫ್ರಾಸ್ಟ್ ಮತ್ತು ಹಿಮನದಿಗಳು ಈ ಅನಿಲದ ಮೇಲೆ ಮುಚ್ಚಳದಂತೆ ಕುಳಿತಿದ್ದವು. ಹಿಮನದಿ ಸರಿದಂತೆ ಮುಚ್ಚಳದ ಅಂಚು ತೆರೆದುಕೊಳ್ಳುತ್ತಿದೆ.

ಜಗತ್ತಿನ ಒಟ್ಟು ಮೀಥೇನ್ ಲೆಕ್ಕದಲ್ಲಿ 2,000 ಟನ್ ದೊಡ್ಡದಲ್ಲ. ನಮ್ಮ ಗದ್ದೆ, ದನಕರು, ಕಸದ ರಾಶಿಗಳಿಂದ ಹೊರಬರುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ‘ಧ್ರುವದಲ್ಲಿ ಮೀಥೇನ್ ಬಾಂಬ್’ ಎಂಬಂಥ ತಲೆಬರಹಗಳನ್ನು ನಾನು ನಂಬುವುದಿಲ್ಲ. ಆದರೆ ಚಿಂತೆ ಬೇರೆಯೇ ಇದೆ. ಇಪ್ಪತ್ತು ವರ್ಷದ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿನಷ್ಟು ಹೆಚ್ಚು ಶಾಖ ಹಿಡಿಯುತ್ತದೆ. ಕಸದ ರಾಶಿಯನ್ನು ನಿರ್ವಹಿಸಬಹುದು, ಗದ್ದೆಗೆ ನೀರು ಬಿಡುವ ಕ್ರಮ ಬದಲಿಸಬಹುದು. ಹಿಮನದಿಯ ಎದುರು ಎದ್ದ ಒರತೆಗೆ ಬಿರಡೆ ಹಾಕಲು ಆಗುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಹಿಮನದಿ ಸರಿಯುತ್ತದೆ, ಸರಿದಷ್ಟೂ ಬಾಗಿಲು ತೆರೆಯುತ್ತದೆ.

ಚಳಿಗಾಲವೇ ಬದಲಾದರೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಆರ್ಕ್ಟಿಕ್‌ನ ಚಳಿಗಾಲ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ, ಹಾಗಾಗಿ ಹಿಮನದಿಯ ಎದುರು ಹೊಸ ಮಂಜುಗಡ್ಡೆ ಕಂಡರೆ ಅದು ಅಡಿಯಿಂದ ಬಂದ ನೀರೇ ಎಂಬ ನಂಬಿಕೆ. ಅದೂ ಈಗ ಅಲುಗಾಡುತ್ತಿದೆ.

2025ರ ಫೆಬ್ರುವರಿಯಲ್ಲಿ ನೀ-ಓಲೆಸುಂಡ್‌ಗೆ ಚಳಿಗಾಲದ ಮಾದರಿ ಸಂಗ್ರಹಿಸಲು ಹೋದ ವಿಜ್ಞಾನಿಗಳಿಗೆ ಸಿಕ್ಕಿದ್ದು ಮಳೆ, ಕರಗಿದ ಹಿಮದ ಹೊಂಡಗಳು. ಆ ತಿಂಗಳ ಸರಾಸರಿ ತಾಪಮಾನ ಮೈನಸ್ 3.3 ಡಿಗ್ರಿ. 1961ರಿಂದ 2001ರವರೆಗಿನ ಸರಾಸರಿ ಮೈನಸ್ 15 ಡಿಗ್ರಿ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರಾಡ್ಲಿ ಮತ್ತು ಸಂಗಡಿಗರು ಅದೇ ವರ್ಷ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಇದನ್ನು ದಾಖಲಿಸಿದರು. ಅದಕ್ಕೂ ಮುಂಚೆ, 2024ರ ಬೇಸಿಗೆಯಲ್ಲಿ ಸ್ವಾಲ್‌ಬಾರ್ಡ್ ತನ್ನ ಒಟ್ಟು ಹಿಮರಾಶಿಯ ಸುಮಾರು ಶೇ 1ರಷ್ಟನ್ನು ಒಂದೇ ಋತುವಿನಲ್ಲಿ ಕಳೆದುಕೊಂಡಿತ್ತು.

ಬೇಸಿಗೆಯ ಕರಗುವಿಕೆ ಎಲ್ಲರಿಗೂ ಕಾಣುತ್ತದೆ. ಫೆಬ್ರುವರಿಯ ಮಳೆ ಮಾತ್ರ ಲೆಕ್ಕದ ಪುಸ್ತಕವನ್ನೇ ಕಲಸಿಬಿಡುತ್ತದೆ ಎಂಬುದು ನನ್ನ ಆತಂಕ. ಮೇಲಿಂದ ಬಿದ್ದ ಮಳೆನೀರು ನಿಂತು ಹೆಪ್ಪುಗಟ್ಟಿದರೆ ಅದೂ ಹಾಸೇ. ಅಡಿಯಿಂದ ಒಸರಿದ ನೀರಿನದೂ ಹಾಸೇ. ಆಕಾಶದಿಂದ ನೋಡುವ ಉಪಗ್ರಹಕ್ಕೆ ಎರಡನ್ನೂ ಬೇರ್ಪಡಿಸುವುದು ಕಷ್ಟವಾಗುತ್ತದೆ. ನೆಲದ ಮೇಲೆ ನಿಂತು, ಕೊರೆದು, ನೀರನ್ನು ಬಾಟಲಿಗೆ ತುಂಬಿ ತರುವ ಮನುಷ್ಯರು ಬೇಕು. ಅದೂ ಚಳಿಗಾಲದಲ್ಲಿ.

ನಮ್ಮ ದೇಶ ಎಲ್ಲಿದೆ?

ಸ್ವಾಲ್‌ಬಾರ್ಡ್‌ಗೂ ಭಾರತಕ್ಕೂ ನಂಟು ಹಳೆಯದು. ಆ ದ್ವೀಪಗಳ ಕುರಿತ 1920ರ ಒಪ್ಪಂದಕ್ಕೆ ಆಗಿನ ಬ್ರಿಟಿಷ್ ಭಾರತವೂ ಸೇರಿತ್ತು. 2008ರಲ್ಲಿ ನೀ-ಓಲೆಸುಂಡ್‌ನಲ್ಲಿ ‘ಹಿಮಾದ್ರಿ’ ಕೇಂದ್ರ ಶುರುವಾಯಿತು. 2013ರಲ್ಲಿ ಆರ್ಕ್ಟಿಕ್ ಮಂಡಳಿಯಲ್ಲಿ ವೀಕ್ಷಕ ಸ್ಥಾನ ಸಿಕ್ಕಿತು. 2022ರಲ್ಲಿ ಭಾರತದ ಆರ್ಕ್ಟಿಕ್ ನೀತಿ ಬಂತು. ಇವಿಷ್ಟನ್ನೂ ನಾವು ಒಂದಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತೇವೆ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2023ರ ಡಿಸೆಂಬರ್. ಆಗ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡ ಹೊರಟಿತು. ಅಲ್ಲಿಯವರೆಗೆ ನಮ್ಮವರ ಕೆಲಸ ಮುಖ್ಯವಾಗಿ ಬೆಳಕಿನ ತಿಂಗಳುಗಳಲ್ಲೇ ನಡೆಯುತ್ತಿತ್ತು. ಆ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅವರು ಹೋದದ್ದು ಹಿಮನದಿಗಾಗಿ ಅಲ್ಲ, ಖಗೋಳ ಅಧ್ಯಯನಕ್ಕೆ ಬೇಕಾದ ರೇಡಿಯೊ ಅಲೆಗಳ ಸಮೀಕ್ಷೆಗಾಗಿ. ಆದರೂ ಕತ್ತಲೆಯ ತಿಂಗಳಲ್ಲಿ ಅಲ್ಲಿ ಇರಬಲ್ಲೆವು, ಕೆಲಸ ಮಾಡಬಲ್ಲೆವು ಎಂಬುದು ಖಾತ್ರಿಯಾಯಿತು. ಇನ್ನು ಅಲ್ಲಿ ಯಾವ ಅಳತೆಗಳನ್ನು ಪ್ರತಿವರ್ಷ, ತಪ್ಪದೆ ತೆಗೆದುಕೊಳ್ಳುತ್ತೇವೆ ಎಂಬುದೇ ಪ್ರಶ್ನೆ. ಹಿಮನದಿಯ ವಿಷಯದಲ್ಲಿ ಒಂದು ವರ್ಷದ ಅಳತೆ ಬರೀ ಸುದ್ದಿ. ಇಪ್ಪತ್ತು ವರ್ಷದ್ದಾದರೆ ಅದು ಪುರಾವೆ.

ಲಡಾಖ್‌ನಲ್ಲಿ ಅದೇ ಹಾಸು, ಬೇರೆ ಕಥೆ

ಇದೇ ವಿದ್ಯಮಾನ ನಮ್ಮ ಮನೆಯೊಳಗೂ ಇದೆ. ಸಿಂಧೂ ನದಿಯ ಮೇಲ್ಕಣಿವೆಯಲ್ಲಿ ಉಪಗ್ರಹ ಚಿತ್ರಗಳಿಂದ 3,700ಕ್ಕೂ ಹೆಚ್ಚು ಇಂಥ ಹಾಸುಗಳನ್ನು ಗುರುತಿಸಿದ ಅಧ್ಯಯನವೊಂದು 2021ರಲ್ಲಿ ಬಂತು. ಅವೆಲ್ಲ ಹಿಮನದಿಯ ಅಂಚಿನವೇ ಅಲ್ಲ. ಒರತೆ, ತೊರೆ, ಅಂತರ್ಜಲದ ನೀರೂ ಅಲ್ಲಿ ಸೇರುತ್ತದೆ.

ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಎಲ್ಲ ಸೇರಿ ಸುಮಾರು 100 ಮಿ.ಮೀ. ನಮ್ಮ ಬಯಲುಸೀಮೆಯೇ ಅದರ ಮುಂದೆ ಮಲೆನಾಡು. ಅಲ್ಲಿನ ರೈತರಿಗೆ ಬಾರ್ಲಿ, ಗೋಧಿ ಬಿತ್ತಲು ಏಪ್ರಿಲ್-ಮೇ ತಿಂಗಳಲ್ಲಿ ನೀರು ಬೇಕು. ಎತ್ತರದ ಹಿಮನದಿಗಳು ಚೆನ್ನಾಗಿ ಕರಗುವುದು ಜೂನ್ ಮೇಲೆ. ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗುವ ತೊರೆಯ ನೀರನ್ನು ಊರಿನ ಹತ್ತಿರ, ನೆರಳಿನ ಜಾಗದಲ್ಲಿ ಹರಡಿ ಹೆಪ್ಪುಗಟ್ಟಿಸಿದರೆ ಅದು ಏಪ್ರಿಲ್‌ನಲ್ಲೇ ಕರಗುತ್ತದೆ. ಸಿವಿಲ್ ಎಂಜಿನಿಯರ್ ಆಗಿದ್ದ ಚೆವಾಂಗ್ ನೋರ್ಫೆಲ್ 1980ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದರು. ಅವರಿಗೆ 2015ರಲ್ಲಿ ಪದ್ಮಶ್ರೀ ಬಂತು. ನಂತರ ಸೋನಮ್ ವಾಂಗ್‌ಚುಕ್ ಅದೇ ನೀರನ್ನು ಪೈಪಿನಲ್ಲಿ ತಂದು, ಕಾರಂಜಿಯಂತೆ ಚಿಮ್ಮಿಸಿ, ಸ್ತೂಪದ ಆಕಾರದಲ್ಲಿ ಹೆಪ್ಪುಗಟ್ಟಿಸಿದರು. ಗೋಪುರದ ಆಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ತಡವಾಗಿ ಕರಗುತ್ತದೆ.

ನೋಡಿ, ಸ್ವಾಲ್‌ಬಾರ್ಡ್‌ನಲ್ಲಿ ವಿಜ್ಞಾನಿಗೆ ಪುರಾವೆಯಾದ ಹಾಸು ಲಡಾಖ್‌ನಲ್ಲಿ ರೈತನಿಗೆ ಬಿತ್ತನೆಯ ನೀರು. ಆದರೆ ಇದನ್ನು ಪವಾಡ ಎನ್ನುವಂತಿಲ್ಲ. ಹಾಸು ಹೊಸ ನೀರನ್ನು ಹುಟ್ಟಿಸುವುದಿಲ್ಲ, ಇರುವ ನೀರಿನ ತಿಂಗಳನ್ನು ಬದಲಿಸುತ್ತದೆ ಅಷ್ಟೆ. ಮೇಲಿನ ಊರಿನವರು ಹಿಡಿದಿಟ್ಟರೆ ಕೆಳಗಿನ ಊರಿನವರ ಪಾಲೇನು ಎಂಬ ಪ್ರಶ್ನೆ ಏಳುತ್ತದೆ. ಕಾವೇರಿ, ಕೃಷ್ಣಾ ಜಗಳ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಳಿ ಸಾಕಷ್ಟು ಇಲ್ಲದ ವರ್ಷ ಹಾಸೇ ಕಟ್ಟುವುದಿಲ್ಲ. ಇಲ್ಲೂ ಗೆಲುವು ಸೋಲು ಎರಡೂ ಚಳಿಗಾಲದ ಕೈಯಲ್ಲೇ ಇವೆ.

ಓದುವ ನಮಗೆ ಇದರಿಂದೇನು?

2025 ವಿಶ್ವಸಂಸ್ಥೆಯ ಪ್ರಕಾರ ಹಿಮನದಿ ಸಂರಕ್ಷಣೆಯ ಅಂತರರಾಷ್ಟ್ರೀಯ ವರ್ಷವಾಗಿತ್ತು. ಮಾರ್ಚ್ 21 ಈಗ ವಿಶ್ವ ಹಿಮನದಿ ದಿನ. 2025ರಿಂದ 2034ರವರೆಗಿನ ದಶಕವನ್ನು ಹಿಮಪ್ರದೇಶಗಳ ವಿಜ್ಞಾನಕ್ಕೆ ಮೀಸಲಿಡಲಾಗಿದೆ. ಆ ದಶಕದ ಕೆಲಸ ಮಾಡಬೇಕಾದವರು ಈಗ ಪದವಿ ತರಗತಿಗಳಲ್ಲಿ ಕುಳಿತಿರುವ ನಾವೇ.

ಕೆಲಸದ ದಾರಿಗಳೂ ಇವೆ. ಭೂವಿಜ್ಞಾನ ಓದಿದವರಿಗೆ ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ಇದೆ. ಆರ್ಕ್ಟಿಕ್ ಕಾರ್ಯಕ್ರಮವನ್ನು ನಡೆಸುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 2016ರಿಂದ ಸ್ಪಿತಿಯಲ್ಲಿರುವ ‘ಹಿಮಾಂಶ್’ ಕೇಂದ್ರವೂ ಅದರದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿ ಹಿಮಾಲಯದ ಹಿಮನದಿಗಳ ಅಧ್ಯಯನ ನಡೆಯುತ್ತದೆ. ಭೌತವಿಜ್ಞಾನ, ರಸಾಯನವಿಜ್ಞಾನ, ಉಪಗ್ರಹ ಚಿತ್ರ ವಿಶ್ಲೇಷಣೆ ಬಲ್ಲವರಿಗೂ ಇಲ್ಲಿ ಜಾಗವಿದೆ. ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು ಎಂಬುದು ನಿಜ. ಹಾಗೆಂದು ಹಿಮನದಿ ವಿಜ್ಞಾನ ಹಿಮಾಲಯದ ತಪ್ಪಲಿನವರಿಗೆ ಮಾತ್ರ ಸೇರಿದ್ದು ಎಂದುಕೊಂಡರೆ ಬಾಗಿಲನ್ನು ನಾವೇ ಮುಚ್ಚಿಕೊಂಡಂತೆ.

ಈ ಕೆಲಸಕ್ಕೆ ಹೋಗದವರಿಗೂ ಒಂದು ಉಪಯೋಗವಿದೆ. ಹವಾಮಾನದ ಕುರಿತು ಯಾವುದೇ ಅಂಕಿ-ಅಂಶ ಕಂಡರೂ ‘ಎಷ್ಟು ಕರಗಿತು’ ಎಂದಷ್ಟೇ ಕೇಳಬೇಡಿ. ಯಾವ ತಿಂಗಳಲ್ಲಿ ಅಳೆದದ್ದು, ಎಷ್ಟು ವರ್ಷ ಅಳೆದದ್ದು, ಅಳೆಯದೇ ಬಿಟ್ಟದ್ದು ಏನು ಎಂದೂ ಕೇಳಿ. ಪ್ರಬಂಧದ ಉತ್ತರ ಬರೆಯುವಾಗಲೂ ಇದು ನೆರವಾಗುತ್ತದೆ, ಸುದ್ದಿಯ ಅಬ್ಬರಕ್ಕೆ ಮರುಳಾಗದಿರುವುದಕ್ಕೂ.